ಗಂಟೆಗೆ ಎರಡು

ಮಾರ್ಚ್ 12, ಗುರುವಾರ

ಏಳನೇ ವಾರ. ಗರ್ಭಪಾತದ ಎರಡನೇ ಸುತ್ತಿನ ಮಾತ್ರೆಗಳನ್ನು ಸಂಜೆ ತೆಗೆದುಕೊಂಡೆ. ರಕ್ತ ಹೋಗುವುದು ಸಹಜವಂತೆ. ಸಹಜ ಎಲ್ಲಿಗೆ ಮುಗಿಯುತ್ತದೆ ಎಂಬುದೇ ನನ್ನ ಚಿಂತೆ. "ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಆದ್ರೆ ತಕ್ಷಣ ಬನ್ನಿ" ಎಂದಿದ್ದರು ಡಾಕ್ಟರಮ್ಮ. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಹೊಲಿಗೆ ಮಿಷನ್ನಿನ ಮೇಲೆ ಪ್ಯಾಡಿಗೊಂದು ಗೆರೆ ಎಳೆಯುತ್ತಿದ್ದೇನೆ. ಎಂಟರಿಂದ ಒಂಬತ್ತರೊಳಗೆ ಎರಡು. ಆಮೇಲೆ ಒಂದೇ. ಈ ಒಂದನ್ನು ನಂಬಲೇ?

ಅತ್ತೆಗೆ ಬರೀ ಮುಟ್ಟು ಎಂದಿದ್ದೆ. ಅವರು ಗೆರೆಗಳನ್ನು ನೋಡಿದರು, ನನ್ನ ಮುಖ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು.

"ನನ್ ಕಾಲದಲ್ಲಿ ಎಣಿಸು ಅಂತ ಹೇಳೋರೂ ಇರ್ಲಿಲ್ಲ ಕಣೇ. ನೀನು ಒರಗ್ಕೋ, ಗಡಿಯಾರ ನಾನು ನೋಡ್ತೀನಿ."

ಅವರಿಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೂ ಅದರಿಂದ ಕಣ್ಣು ಕೀಳದೆ ಕೂತಿದ್ದಾರೆ. ಹತ್ತಾಯಿತಾ ಎಂದು ಇದೀಗ ನನ್ನನ್ನೇ ಕೇಳಿದರು.