ಕೀಲಿ ತೆಗೆದ ಕಪಾಟು

…ತಡಿ, ಮತ್ತ ಮೊದಲಿಂದ ಹೇಳತೀನಿ, ಮಾಫ್ ಮಾಡು ದಾನಪ್ಪಾ. ಹಿಂದಿನ ಮೆಸೇಜ್‌ನ್ಯಾಗ ಬರೇ ಬಸ್ಸಿನ ಹಾರ್ನ್ ಕೇಳಸ್ತಿತ್ತು, ಅಳಿಸಿಬಿಟ್ಟೆ. ಈಗ ದವಾಖಾನಿ ಮೆಟ್ಟಲ ಕೆಳಗ ನಿಂತೀನಿ. ಇವತ್ತ ಶುಕ್ರವಾರ, ನಮಾಜ್ ಮುಗಿಸಿ ಬಂದೆ. ಸುದ್ದಿ ಕೇಳು: ನಮ್ಮ ನೂರೀನಗ ಹೆಣ್ಣು ಕೂಸು! ಇಬ್ಬರೂ ಆರಾಮ ಅದಾರ. ಹೂಂ, ನೀ ಬ್ಯಾಡ ಅಂದಿದ್ದ ದವಾಖಾನ್ಯಾಗ. ಬೈಯೋದೆಲ್ಲಾ ಬೈದು ಮುಗಿಸು, ಆಮ್ಯಾಲ ಕೇಳು.

ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಸಿಟ್ಟಾಗಬ್ಯಾಡ. "ಅಜೀಜಾಬಿನ್ನ ನುಂಗಿದ ಜಾಗಾ ಅದು, ಮಗಳನ್ನೂ ಅಲ್ಲೇ ಒಯ್ತಿಯೇನಲೇ?" ಅಂದಿದ್ದಿ. ನೂರೀನನ್ನ ಹಡದು, ರಕ್ತ ನಿಲ್ಲದ ಹೋದಾಕಿ ಅಜೀಜಾಬಿ. ಆದ್ರ ಮಗಳು ಕೇಳಲಿಲ್ಲ. "ಅಬ್ಬಾ, ಆಡಿಟ್ ಆದಮ್ಯಾಲ ದವಾಖಾನಿ ಸುಧಾರಿಸೇತಿ ಅಂತ ಇಡೀ ಭಾಂಡುಪ್ ಏರಿಯಾಕ್ಕ ಹೇಳತೀರಿ. ಬ್ಯಾರೆಯವರ ಮಕ್ಕಳಿಗಷ್ಟೇ ಏನದು?" ಅಂದ್ಲು. ಮರುದಿನಾನ ಆಕಿ ಹೆಸರು ಅಲ್ಲೇ ಬರಸಿದೆ.

ಆ ಆಡಿಟ್ ಕತಿ ನಿನಗ ಹೇಳಿಲ್ಲ. ರೊಕ್ಕದ ಲೆಕ್ಕ ಅಲ್ಲ, ಹೆರಿಗಿ ಹೆಂಗ ಮಾಡಸ್ತಾರ ಅಂತ ತಪಾಸಣಿ. ಹೋದ ದೀವಳಿಗಿ ಆದಮ್ಯಾಲ, ದವಾಖಾನಿ ಗೇಟಿನ ಎದುರಿಗೆ ನನ್ನ ಕೀಲಿಕೈ ಮಾಡೂ ಪೆಟ್ಟಿಗಿ ಇಟಗೊಂಡು ಕುಂತಿದ್ದೆ. ದೇವಕ್ಕ ಸಿಸ್ಟರ್ ಓಡಿ ಬಂದ್ರು, ಉಡುಪಿ ಕಡೆಯವರು. "ಹಾಶಿಮಣ್ಣಾ, ಬೇಗ ಬನ್ನಿ ಮಾರಾಯ್ರೇ! ಆಡಿಟಿನವರು ಬಂದಿದ್ದಾರೆ, ಔಷಧದ ಕಪಾಟಿನ ಕೀ ರಜೆ ಹಾಕಿದವಳ ಬ್ಯಾಗಲ್ಲಿ ಹೋಗಿದೆ!"

ಒಳಗ ಹೋದ್ರ ಹೊಸಾ ಚಾದರ, ಫಿನಾಯಿಲ್ ವಾಸನಿ, ಮದುವಿ ಮನಿಯಂಗ. ಆಡಿಟ್‌ದಾಕಿ ರಾಧಿಕಾ ಅಂತ, ನಮ್ಮ ಕಡೇದ ಡಾಕ್ಟರ್ ಬಾಯಿ. ಚಾದರ ಕಡೆ ನೋಡೇ ಇಲ್ಲ. "ಒಬ್ಬ ಬಾಣಂತಿಗೆ ಈಗ ರಕ್ತ ಹೋಗಾಕತ್ತೇತಿ ಅಂತ ತಿಳಕೋರಿ. ಇಂಜೆಕ್ಷನ್ ತರ್ರಿ" ಅಂದಾಳ, ಅಷ್ಟೇ. ಎಲ್ಲಾರೂ ಕಕ್ಕಾಬಿಕ್ಕಿ. ನಾ ತಂತಿ ಹಾಕಿ ಕೀಲಿ ತೆಗದೆ. ಕಪಾಟು ತುಂಬಿ ತುಳುಕಾಕತ್ತಿತ್ತು! ನಾನೂ ಎದಿ ಉಬ್ಬಿಸಿ ನಿಂತೆ. ಆಕಿ ಗಡಿಯಾರ ನೋಡಿ, "ಚಾಚಾ, ಕೈ ಚಲೋ ಐತಿ ನಿಮ್ದು. ಆದ್ರ ಬಾಣಂತಿ ನಿಮ್ಮ ದಾರಿ ಕಾಯೂದಿಲ್ಲ" ಅಂದ್ಲು.

ದೇವಕ್ಕ ಸಿಸ್ಟರ್ ಕಣ್ಣಾಗ ನೀರು. "ಚೆಕಿಂಗಿನಲ್ಲಿ ಒಂದು ಕಮ್ಮಿ ಬಿದ್ದರೆ ನಮ್ಮನ್ನೇ ಹಿಡಿಯೋದು ಮೇಡಂ. ಅದಕ್ಕೆ ಬೀಗ." ಮುಗೀತು, ಈಕಿ ನೌಕರಿ ಹೋತು ಅಂದುಕೊಂಡೆ. ಡಾಕ್ಟರ್ ಬಾಯಿ ಏನಂದ್ಲು ಗೊತ್ತೇನು? "ಯಾರ ತಪ್ಪು ಅಂತ ಕೇಳಾಕ ಬಂದಿಲ್ಲ ನಾ. ಯಾಕ ತಡಾ ಆತು, ಅದನ್ನ ಕೇಳಾಕತ್ತೀನಿ."

ಅವತ್ತೇ ಸಂಜಿಕ ನನ್ನ ಕೈಲೇ ಕೊಂಡಿ ಬಿಚ್ಚಿಸಿದ್ಲು. ಈಗ ಕೀಲಿ ಬದಲಿ, ಯಾರರ ತೆಗದ್ರ ಗೊತ್ತಾಗ್ಲಿ ಅಂತ, ಒಂದು ಕಾಗದದ ಪಟ್ಟಿ ಅಂಟಸ್ತಾರ. ಬೇಕಾದಾಗ ಟರ್ ಅಂತ ಹರಿಯೋದು, ಆಮ್ಯಾಲ ತುಂಬಿಸಿ ಮತ್ತ ಅಂಟಸೋದು. ಅಷ್ಟಕ್ಕ ಬಿಡಲಿಲ್ಲ ಆಕಿ. ಹೇಳದ ಕೇಳದ ಬಂದು ಬಾಗಿಲಾಗ ನಿಂತು, "ತರ್ರಿ ಇಂಜೆಕ್ಷನ್" ಅಂತಾಳ. ಅತ್ತಿ ಕಾಟಕ್ಕಿಂತ ಹೆಚ್ಚು ಅಂತ ಸಿಸ್ಟರ್‌ಗಳು ನಗತಾರ.

ಇವತ್ತ ಮುಂಜಾನೆ ನೂರೀನಗೂ ಹಂಗ ಆತು, ದಾನಪ್ಪಾ. ತಾಯಿಗಾದಂಗ. ಒಳಗ ಓಡಾಟ, ಅಳಿಯಾ ಗ್ವಾಡಿಗೆ ಆನಿಕೊಂಡು ನಿಂತಾನ. ಬಾಗಿಲಾ ತೆಗದು ದೇವಕ್ಕ ಸಿಸ್ಟರ್ ಬಂದ್ರು. ನಾ ತಂತಿ ಹಿಡಕೊಂಡು ಎದ್ದುಬಿಟ್ಟೆ!

"ಅಯ್ಯೋ, ಕೂತ್ಕೊಳ್ಳಿ ಮಾರಾಯ್ರೇ! ಇಂಜೆಕ್ಷನ್ ಕೊಟ್ಟಾಯ್ತು, ರಕ್ತ ನಿಂತಿದೆ. ಬೀಗ ಎಲ್ಲಿದೆ ಈಗ?"

ಕುಂತೆ. ತಂತಿ ಕಿಸೆದಾಗ ಇಟ್ಟೆ.

ಮನ್ಯಾಗ ಎಲ್ಲಾರಿಗೂ ಸಲಾಮ್ ಹೇಳು. ಮಕ್ಕಳಿಗೆ ನನ್ನ ದುವಾ, ದೇವರು ತಣ್ಣಗಿಟ್ಟಿರಲಿ. ನಿನ್ನ ಹಾಶಿಮ.

ಹಾಂ, ಒಂದು ಮಾತು ಉಳೀತು. ಬೈಕುಲ್ಲಾ ಬೇಕರಿಯಾಗ ಇಬ್ಬರೂ ಒಂದೇ ಭಟ್ಟಿ ಮುಂದ ದುಡದವರು. ಅದನ್ನ ಬಿಟ್ಟು ಆ ದವಾಖಾನಿ ಗೇಟಿಗೆ ಕೀಲಿಕೈ ಮಾಡಾಕ ಯಾಕ ಕುಂತಿ, ಹುಚ್ಚ ಹಿಡದೈತೇನು ಅಂತ ಎಷ್ಟು ಸಲ ಕೇಳಿದಿ. ಅಜೀಜಾಬಿ ಹೋದ ದಿನಾನೂ ಒಳಗ ಕೀಲಿಕೈ ಹುಡುಕತಿದ್ರು, ದೋಸ್ತಾ. ಔಷಧ ಇತ್ತು, ಕಪಾಟಿನ್ಯಾಗ. ಅದಕ್ಕ ಕಲತೆ. ಅದಕ್ಕ ಅಲ್ಲೇ ಕುಂತೆ, ಯಾರರ ಓಡಿ ಬಂದ್ರ ಇರಬೇಕು ಅಂತ. ಇನ್ನ ಮ್ಯಾಲ…

ಹಾಂ ಸಿಸ್ಟರ್? ತಂತಿ ತರ್ಲೇನ್ರಿ?

ಬರಿಗೈಲೇ ಬರ್ರಿ ಅನ್ನಾಕತ್ತಾರ, ಕೂಸು ಎತ್ತಿಕೊಳ್ಳಾಕ. ಇಡತೀನಿ.