ವೇಲೆನ್ಸಿಯಾಕ್ಕೆ ಹೋದವಳು, ಬ್ಯಾಡಗಿಯಲ್ಲಿ ಉಳಿದವಳು

ಬ್ಯಾಡಗಿ
ಫೆಬ್ರವರಿ ಮೂವತ್ತು, ೨೧೩೮

ಮುತ್ತಜ್ಜಿ ಸೃಷ್ಟಿಗೆ ಮರಿಮಗ ಚನ್ನವೀರನ ಶರಣು.

ತಾರೀಕು ನೋಡಿ ಕೈತಪ್ಪು ಅಂದುಕೊಳ್ಳಬೇಡ. ಎಲ್ಲ ತಿಂಗಳಿಗೂ ಸಮಾನ ನ್ಯಾಯ ಬೇಕೆಂದು ನಮ್ಮಲ್ಲೊಂದು ದೊಡ್ಡ ಚಳವಳಿ ನಡೆದು ಫೆಬ್ರವರಿಗೆ ಮೂವತ್ತು ದಿನ ಸಿಕ್ಕಿತು. ಮನುಷ್ಯರಿಗೆ ಏನೂ ಸಿಗಲಿಲ್ಲ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಮೆಸ್ಸಿನ ಸಾರಿಗೆ ಬೈಯುತ್ತ ಕೂತಿರುವ ಇಪ್ಪತ್ತೊಂದರ ಹುಡುಗಿಯನ್ನು ನಲವತ್ತಾರರ ಗಂಡಸು ಮುತ್ತಜ್ಜಿ ಎನ್ನುವುದು ವಿಚಿತ್ರವೇ, ಕ್ಷಮಿಸು. ನನ್ನ ಕೆಲವು ಶಬ್ದಗಳೂ ನಿನಗೆ ಹೊಸವು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಡುನಡುವೆ ಪ್ರಾಸ ಬಂದರೆ ಅದನ್ನೂ ಸಹಿಸು. ನಾನು ಕನ್ನಡ ಮಾಧ್ಯಮದಲ್ಲಿ ಪದವಿ ಪಡೆದವನು. ಮೆಣಸಿನಕಾಯಿ ಚೀಲದ ಮೇಲೆ ಎರಡು ಸಾಲು ಪದ್ಯ ಬರೆಯುವುದು ನನ್ನ ಹೊಟ್ಟೆಪಾಡು. ‘ಕೆಂಪಿಗೆ ಹೆಸರು, ಖಾರಕ್ಕೆ ಕೊಸರು, ಮೂಗಿಗೆ ತಂದರೆ ಮೇಲುಸಿರು’ ನನ್ನದೇ.

ಈ ಕಾಗದ ನಿನಗೆ ಬಂದಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದುಹೋದ ಕಾಲದವರಿಗೆ ಕಾಗದ ಮುಟ್ಟಿಸುವ ಅಂಚೆಯಲ್ಲಿ. ಅದರ ಕಟ್ಟುಪಾಡು ಬಹಳ. ಚುನಾವಣೆಯಲ್ಲಿ ಯಾರು ಗೆದ್ದರು, ಯಾವ ಊರಲ್ಲಿ ಸೈಟು ಕೊಂಡರೆ ಲಾಭ, ಹೀಗೇನಾದರೂ ಬರೆದರೆ ಕತ್ತರಿ. ದುಃಖಕ್ಕೆ ಮಾತ್ರ ತಡೆಯಿಲ್ಲ. ಅದರಿಂದ ಯಾರೂ ಲಾಭ ಮಾಡಿಕೊಳ್ಳುವುದಿಲ್ಲ ಎಂದು ಅವರ ನಂಬಿಕೆ. ಇನ್ನೊಂದು ನಿಯಮ ನೀನು ಮೊದಲೇ ತಿಳಿದಿರಬೇಕು: ಇದನ್ನು ಓದಿ ನೀನು ಏನೇ ಬದಲಾಯಿಸಿಕೊಂಡರೂ ನಮ್ಮ ಕಾಲದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ನಿನ್ನ ದಾರಿ ಬೇರೆ ಕವಲಿಗೆ ಹೋಗುತ್ತದೆ, ನಮ್ಮದು ಇದ್ದಲ್ಲೇ ಇರುತ್ತದೆ. ಹಾಗಾಗಿ ಇದು ನಮಗೆ ಉಪಯೋಗವಿಲ್ಲದ ಕಾಗದ.

ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತಿನ ಪ್ರಕಾರ, ನೀನು ಈ ವಾರ ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಇಂಟರ್ನ್‌ಶಿಪ್ ಸಂದರ್ಶನದ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೀಯ. ಅಂತರರಾಷ್ಟ್ರೀಯ ವ್ಯವಹಾರ ಓದುವ ನಿನಗೆ ಹೊರದೇಶದ ಯಾವುದೋ ಬಂದರಿನ ಕಂಪನಿಗೆ ಹೋಗಬೇಕೆಂದಿದೆ. ಅದು ಸಿಕ್ಕಿತೋ ಇಲ್ಲವೋ ನನಗೆ ಗೊತ್ತು, ಹೇಳುವಂತಿಲ್ಲ. ಆದರೆ ಅದೇ ವಿಷಯವನ್ನು ಓದಿ, ಅದೇ ಆಸೆ ಇಟ್ಟುಕೊಂಡ ನಮ್ಮನೆಯ ಇನ್ನೊಬ್ಬ ಹುಡುಗಿಗೆ ಏನಾಯಿತೆಂದು ಹೇಳಬಹುದು. ಅವಳು ನೀಲಾಂಬಿಕೆ, ನನ್ನ ಅಕ್ಕ ಸುವರ್ಣಳ ಮಗಳು.

ನಮ್ಮ ಕಾಲದಲ್ಲಿ ಸುಮ್ಮನೆ ದೇಶ ನೋಡಲು ಯಾರೂ ಹೋಗುವಂತಿಲ್ಲ. ವಿಮಾನ ರೋಗಿಗಳಿಗೆ ಮಾತ್ರ. ಉಳಿದವರಿಗೆ ಹಾಯಿಹಡಗು, ಅದರಲ್ಲೂ ಚೀಲಗಳು ಹತ್ತಿ ಉಳಿದ ಜಾಗದಲ್ಲಿ. ಆ ಜಾಗ ಸಿಗಬೇಕಾದರೆ ಖುದ್ದುಕರೆ ಬೇಕು. ಅಂದರೆ ಅಲ್ಲಿನ ಯಾರಾದರೂ ‘ಈ ಕೆಲಸಕ್ಕೆ ಈ ವ್ಯಕ್ತಿಯೇ ಖುದ್ದಾಗಿ ಬರಬೇಕು’ ಎಂದು ಕರೆಯಬೇಕು. ಓದುವ ಹುಡುಗರಿಗೆ ಆ ಕರೆ ಬರುವ ಒಂದೇ ಬಾಗಿಲು ಇಂಟರ್ನ್‌ಶಿಪ್. ಅದಕ್ಕೂ ಮೊದಲು ಹೋಗುವುದು ಹುಡುಗಿಯಲ್ಲ, ಅವಳ ಪಡಿಯಾಳು. ಪಡಿಯಾಳು ಎಂದರೆ ಅವಳದೇ ಮಾತು, ಲೆಕ್ಕ, ತರ್ಕ, ನಗು ಎಲ್ಲ ಕಲಿತ, ಮೈಯೊಂದಿಲ್ಲದ ನಕಲು. ಕೊರಳಿಗೆ ಅಂಗಿಗುಂಡಿಯಷ್ಟಿರುವ ಕೇಳುಗ ಯಂತ್ರವನ್ನು ಕಟ್ಟಿಕೊಂಡು ವರ್ಷವಿಡೀ ಅದರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದರೆ ಪಡಿಯಾಳು ತಯಾರು. ಅದು ಹೊರದೇಶದ ಕಂಪನಿಯಲ್ಲಿ ಪರೀಕ್ಷೆಗೆ ಕೂರುತ್ತದೆ. ಯಾವುದಾದರೂ ಒಂದು ಪ್ರಶ್ನೆಗೆ ‘ಇದು ನನ್ನಿಂದಾಗದು, ನನ್ನ ಒಡತಿಯನ್ನು ಕರೆಸಿ’ ಎಂದರೆ ಖುದ್ದುಕರೆ. ಎಲ್ಲವನ್ನೂ ತಾನೇ ಮಾಡಿದರೆ ಪಡಿಯಾಳನ್ನೇ ಇಟ್ಟುಕೊಳ್ಳುತ್ತಾರೆ. ಸಂಬಳ ಮನೆಗೆ ಬರುತ್ತದೆ. ಒಬ್ಬರಿಗೆ ಒಂದೇ ಪಡಿಯಾಳು, ಒಂದೇ ಹುದ್ದೆ ಎಂಬುದು ಕಾನೂನು; ಹುಡುಗಿ ಜೀವನದಲ್ಲಿ ಇನ್ನೊಮ್ಮೆ ಅರ್ಜಿ ಹಾಕುವಂತಿಲ್ಲ. ಇಂಥವರನ್ನು ನಮ್ಮೂರಲ್ಲಿ ‘ಉಳಿಕೆ’ ಎನ್ನುತ್ತಾರೆ. ಭಾಗಾಕಾರ ಮುಗಿದ ಮೇಲೆ ಕೆಳಗೆ ಉಳಿಯುತ್ತದಲ್ಲ, ಹಾಗೆ.

ಬ್ಯಾಡಗಿಯ ತುಂಬ ಉಳಿಕೆಗಳು. ಊರು ನೋಡಲು ಚೆಂದವೇ ಇದೆ. ಮಳೆಗೆ ಈಗ ತಿಂಗಳ ಲೆಕ್ಕವಿಲ್ಲದ್ದರಿಂದ ಇಡೀ ಮಾರುಕಟ್ಟೆಗೆ ಗಾಜಿನ ಚಾವಣಿ ಹಾಕಿದ್ದಾರೆ. ಅದರಡಿ ಕೆಂಪು ರಾಶಿಗಳು, ರಾಶಿಗಳ ಸುತ್ತ ಸೀನುಗಳು. ರೊಟ್ಟಿ ಇನ್ನೂ ಜೋಳದ್ದೇ, ಪುಂಡಿಪಲ್ಯ ಇನ್ನೂ ಹುಳಿಯೇ. ಪ್ರತಿ ಮನೆಯ ಊಟದ ಕೋಣೆಯಲ್ಲೊಂದು ಮಾತಿನ ಗೋಡೆ; ಭಾನುವಾರ ಮಧ್ಯಾಹ್ನ ಅದರಲ್ಲಿ ಹೊರದೇಶದ ಪಡಿಯಾಳುಗಳು ಬಂದು ಮನೆಯವರ ಜೊತೆ ಮಾತಾಡುತ್ತವೆ. ನೀರಿನ ಸರದಿಯಲ್ಲಿ ತಾಯಂದಿರು ‘ನಮ್ಮದು ಒಸಾಕಾದಾಗ ಐತ್ರಿ’, ‘ನಮ್ಮದಕ್ಕ ಮೊನ್ನೆ ಬಡ್ತಿ ಆತು’ ಎಂದು ಹೇಳಿಕೊಳ್ಳುತ್ತಾರೆ. ಹೆತ್ತ ಮಕ್ಕಳು ಮಾರುಕಟ್ಟೆಯ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿರುತ್ತಾರೆ. ತೊಟ್ಟು ಮುರಿಯುವ ಯಂತ್ರವಿದೆ. ಹೊತ್ತು ಕಳೆಯುವ ಯಂತ್ರವಿಲ್ಲ.

ನೀಲಾ ಉಳಿಕೆಯಾಗಲು ಹುಟ್ಟಿದವಳಲ್ಲ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ವೇಲೆನ್ಸಿಯಾದ ಕಂಪನಿಯೊಂದಕ್ಕೆ ಅವಳು ಅರ್ಜಿ ಹಾಕಿದಾಗ ನಾನು ಕೇಳಿದ್ದೆ, ಅಲ್ಲೇನಿದೆ ಅಂತ. ‘ಮಾವಾ, ನಮ್ಮ ಚೀಲ ಅಲ್ಲಿ ಬಿಚ್ಚಿದಾಗ ಮೊದಲ ಸೀನು ಯಾರು ಸೀನ್ತಾರ ನೋಡಬೇಕು. ನೀ ಬರದ ಪದ್ಯ ಯಾರರ ಓದ್ತಾರೇನು ಅನ್ನೂದನ್ನೂ ನೋಡ್ಕೊಂಡು ಬರ್ತೀನಿ. ಓದೂದಿಲ್ಲಂದ್ರ ನಿನಗ ಹೇಳೂದಿಲ್ಲ’ ಅಂದಳು. ವ್ಯಾಪಾರವೆಂದರೆ ಎರಡು ಮುಖಗಳ ನಡುವೆ ಆಗುವುದು, ಆ ಇನ್ನೊಂದು ಮುಖವನ್ನು ನೋಡದೆ ತಾನು ಓದಿದ್ದೆಲ್ಲ ಅರ್ಧ ಎಂದು ಅವಳ ನಂಬಿಕೆ. ಬಂದರಿನಲ್ಲಿ ಹಾಕಿಕೊಳ್ಳಲೆಂದು ಗಟ್ಟಿ ಅಟ್ಟೆಯ ಬೂಟಿನ ಜೋಡಿಯೊಂದನ್ನು ಹೊಲಿಸಿ ಬಾಗಿಲ ಹಿಂದೆ ಇಟ್ಟಿದ್ದಳು.

ಅವಳನ್ನು ತಯಾರು ಮಾಡಿದವರು ಕಾಲೇಜಿನ ಕೊಟಗಿ ಮಾಸ್ತರು. ಒಳ್ಳೆಯ ಮನುಷ್ಯ, ಮನೆಪಾಠಕ್ಕೆ ದುಡ್ಡು ಮುಟ್ಟದವರು. ಅವರದು ಒಂದೇ ಮಂತ್ರ. ‘ಖಾಲಿ ಬಿಡಬ್ಯಾಡ್ರಿ! ಗೊತ್ತಿಲ್ಲಂದ್ರೂ ಬರೀರಿ. ಪ್ರಶ್ನೀನ ತಿರುಗಿಸಿ ಬರದ್ರೂ ಅರ್ಧ ಮಾರ್ಕು ಬೀಳ್ತದ. ಬಿಳೀ ಹಾಳಿ ಕೊಟ್ಟ ಬಂದ್ರ ಏನ್ ಬೀಳ್ತದ? ನಿಮ್ಮಪ್ಪನ ಏಟು ಬೀಳ್ತದ!’ ಈ ಮಾತು ನಿನಗೆ ಹೊಸದಲ್ಲ ಎಂದು ಬಲ್ಲೆ. ಅಜ್ಜಿ ಮುತ್ತಜ್ಜಿಯರ ಕಾಲದಿಂದ ನಮ್ಮ ಶಾಲೆಗಳ ಗೋಡೆಗೆ ಸುಣ್ಣದ ಜೊತೆ ಬಳಿದ ಮಾತು. ನೀಲಾ ಒಂದನೆಯ ಇಯತ್ತೆಯಿಂದ ಒಂದು ಪ್ರಶ್ನೆಯನ್ನೂ ಬಿಟ್ಟವಳಲ್ಲ. ಅವಳಿಂದ ಕಲಿತ ಪಡಿಯಾಳೂ ಹಾಗೇ ಆಯಿತು. ಯಾವುದು ತನಗೆ ತಿಳಿಯದು ಎಂಬುದೊಂದನ್ನು ಬಿಟ್ಟು ಎಲ್ಲವೂ ಅದಕ್ಕೆ ತಿಳಿದಿತ್ತು.

ಅದರ ಜೊತೆ ಪರೀಕ್ಷೆಗೆ ಕೂತ ತಂಡದಲ್ಲಿ ವಿಯೆಟ್ನಾಮಿನ ಒಬ್ಬ ಹುಡುಗಿಯ ಪಡಿಯಾಳು ಮೊದಲ ದಿನವೇ ಸಣ್ಣದೊಂದು ಪ್ರಶ್ನೆಗೆ ‘ಗೊತ್ತಿಲ್ಲ, ನನ್ನ ಒಡತಿಯನ್ನು ಕೇಳಿ’ ಎಂದಿತು. ಮಾತಿನ ಗೋಡೆಯಲ್ಲಿ ನೋಡುತ್ತಿದ್ದ ನಮ್ಮ ಕಾಲೇಜಿಗೆ ಕಾಲೇಜೇ ನಕ್ಕಿತು. ‘ಗೊತ್ತಿಲ್ಲ ಅನ್ನಾಕ ಅಲ್ಲೀತನಕ ಹೋಗಬೇಕಿತ್ತೇನು? ನಮ್ಮ ಹಿಂದಿನ ಬೆಂಚಿನವರು ಕುಂತಲ್ಲೇ ಅಂತಾರ’ ಎಂದರು ಮಾಸ್ತರು. ಆ ಹುಡುಗಿ ಮುಂದಿನ ವಾರದ ಹಡಗು ಹತ್ತಿದಳು. ಅವಳೂರಿನಲ್ಲಿ ಒಂದು ಜಾಗ ಖಾಲಿ ಬಿಡುವುದನ್ನೇ ಒಂದು ಪಾಠವಾಗಿ ಕಲಿಸುತ್ತಾರೆಂದು ನಮಗೆ ಆಮೇಲೆ ತಿಳಿಯಿತು. ನಮಗೆ ತಿಳಿಯುವುದೆಲ್ಲ ಆಮೇಲೆಯೇ.

ನೀಲಾಳ ಪಡಿಯಾಳಿನ ಕೊನೆಯ ಪರೀಕ್ಷೆಯ ದಿನ ನಮ್ಮ ಊಟದ ಕೋಣೆಯಲ್ಲಿ ಓಣಿಯೇ ಕೂತಿತ್ತು. ಗೋಡೆಯಲ್ಲಿ ವೇಲೆನ್ಸಿಯಾದ ಗೋದಾಮು, ಗೋದಾಮಿನಲ್ಲಿ ನಮ್ಮದೇ ಊರಿನ ಚೀಲ. ಕಂಪನಿಯ ಮೇಲಧಿಕಾರಿ, ನೆರೆಗೂದಲಿನ ಹೆಂಗಸು, ಚೀಲ ಬಿಚ್ಚಿ, ಜೋರಾಗಿ ಸೀನಿ, ಮತ್ತೆ ಮೂಸಿ ಕೇಳಿದರು: ‘ಮೆಣಸಿನಕಾಯಿಯ ಜೊತೆ ಇನ್ನೊಂದು ವಾಸನೆ ಇದೆಯಲ್ಲ, ಅದೇನು?’ ಕಿವಿಯಲ್ಲಿದ್ದ ಅನುವಾದಕ ಅದನ್ನು ಕನ್ನಡಕ್ಕೆ ತಂದ ಕೂಡಲೇ ನೀಲಾ ಎದ್ದು ನಿಂತಳು. ಹುಳ ಬೀಳದಂತೆ ಆ ರಾಶಿಗೆ ಬೇವಿನ ಸೊಪ್ಪಿನ ಹೊಗೆ ಹಾಕಿದ್ದರು; ಪಡಿಯಾಳನ್ನು ಕಳಿಸಿಕೊಟ್ಟ ಮೇಲೆ ನಡೆದದ್ದು, ಪಕ್ಕದಲ್ಲಿ ನಿಂತು ಅವಳೇ ಕೆಮ್ಮಿದ್ದಳು. ಪಡಿಯಾಳಿಗೆ ಅದು ಗೊತ್ತಿಲ್ಲ. ಅದಕ್ಕೆ ಮೂಗೂ ಇಲ್ಲ. ಇಡೀ ಪರೀಕ್ಷೆಯಲ್ಲಿ ಅವಳಿಗಾಗಿಯೇ ತೆರೆದ ಬಾಗಿಲು ಅದು. ‘ಗೊತ್ತಿಲ್ಲ ಅನ್ನ! ಗೊತ್ತಿಲ್ಲ ಅನ್ನಲೇ!’ ಎಂದು ಗೋಡೆಗೆ ಕೂಗಿದಳು. ಪರೀಕ್ಷೆಯ ದಿನ ನೋಡಬಹುದಷ್ಟೇ, ನಮ್ಮ ದನಿ ಗೋಡೆಯ ಆ ಕಡೆಗೆ ಕೇಳಿಸುವಂತಿರಲಿಲ್ಲ.

ಪಡಿಯಾಳು ನೀಲಾಳದೇ ದನಿಯಲ್ಲಿ, ನೀಲಾಳದೇ ವಿನಯದಲ್ಲಿ, ಒಣಗಿಸಿದ ವಾರದ ತೇವ, ಹಡಗಿನ ದಾರಿ, ಗೋಣಿಯ ನಾರು ಎಲ್ಲ ವಿವರಿಸಿ ‘ಮೇಡಂ, ಅದು ಹಸಿ ಗೋಣಿಯ ವಾಸನೆ’ ಎಂದಿತು. ಆ ಹೆಂಗಸು ಇನ್ನೊಮ್ಮೆ ಮೂಸಿದರು. ಹೇಳಿದ ಮೇಲೆ ಯಾರಿಗಾದರೂ ಹಾಗೇ ವಾಸನೆ ಬರುತ್ತದೆ. ‘ಹೌದು, ಹಸಿ ಗೋಣಿ’ ಎಂದು ತಲೆಯಾಡಿಸಿದರು. ‘ನೂರಕ್ಕ ನೂರು!’ ಎಂದು ಕೊಟಗಿ ಮಾಸ್ತರು ಕಣ್ಣೊರೆಸಿಕೊಂಡರು. ಸುವರ್ಣಕ್ಕ ಓಣಿಗೆಲ್ಲ ಪೇಢಾ ಹಂಚಿದಳು. ಒಂದನ್ನು ನೀಲಾಳ ಬಾಯಿಗೂ ಇಟ್ಟಳು. ಅವಳು ಅಗಿಯಲಿಲ್ಲ.

ಪಡಿಯಾಳನ್ನು ಕಾಯಂ ಮಾಡಿಕೊಂಡರು, ಖುದ್ದುಕರೆಯ ಅಗತ್ಯವಿಲ್ಲ ಎಂದು ತಿಳಿಸಿದರು. ನೀಲಾ ಸುಮ್ಮನಾಗಲಿಲ್ಲ. ಉತ್ತರ ತಪ್ಪು, ಅದು ಬೇವಿನ ಹೊಗೆ, ನಾನು ಬಂದಿದ್ದರೆ ಹೇಳುತ್ತಿದ್ದೆ ಎಂದು ಕಂಪನಿಗೆ ಬರೆದಳು. ಮರುದಿನವೇ ಉತ್ತರ ಬಂತು. ಬಹಳ ಸೌಜನ್ಯದ ಉತ್ತರ: ಸಲಹೆಗೆ ಧನ್ಯವಾದ, ವಿಷಯವನ್ನು ಗಮನಿಸಲಾಗಿದೆ, ನಿಮ್ಮ ಭವಿಷ್ಯ ಉಜ್ವಲವಾಗಲಿ. ಕೆಳಗೆ ಅವಳದೇ ಹೆಸರು. ಬ್ಯಾಡಗಿಯಿಂದ ಬರುವ ಪತ್ರಗಳನ್ನು ನೋಡಿಕೊಳ್ಳುವ ಕೆಲಸ ಅವಳ ಪಡಿಯಾಳಿನದೇ ಆಗಿತ್ತು. ‘ಮಾವಾ, ನಾ ಎಷ್ಟ ಛಂದ ಬರೀತೀನಿ ನೋಡು’ ಎಂದು ತೋರಿಸಿ ನಕ್ಕಳು. ಅದೇ ನಾನು ಕೇಳಿದ ಅವಳ ಕೊನೆಯ ನಗು. ಬೂಟು ಇನ್ನೂ ಬಾಗಿಲ ಹಿಂದಿದೆ. ಹಲ್ಲಿ ಸಂಸಾರ ಹೂಡಿದೆ.

ಈಗ ಭಾನುವಾರದ ಊಟದ ಹೊತ್ತಿಗೆ ಗೋಡೆಯಲ್ಲಿ ಪಡಿಯಾಳು ಬರುತ್ತದೆ. ‘ಊಟ ಆತೇನವಾ?’ ಎನ್ನುತ್ತಾಳೆ ಸುವರ್ಣಕ್ಕ. ಬಾಯಿಲ್ಲದ್ದು, ಹೊಟ್ಟೆಯಿಲ್ಲದ್ದು, ಆದರೆ ಪ್ರಶ್ನೆ ಖಾಲಿ ಬಿಡುವ ಅಭ್ಯಾಸವಿಲ್ಲದ್ದು. ‘ಆತಬೇ. ಅನ್ನ, ಮೀನು, ಕಿತ್ತಳಿಹಣ್ಣು’ ಎನ್ನುತ್ತದೆ. ‘ಅಯ್ಯ, ಮೀನಾ! ಶಿವಶಿವಾ! ಯಾರ ಮುಂದೂ ಹೇಳಬ್ಯಾಡ’ ಎಂದು ಅಕ್ಕ ಬೈದು, ನಕ್ಕು, ಚಳಿ ಇದ್ದರೆ ಕಿವಿಗೆ ಬಟ್ಟೆ ಕಟ್ಟಿಕೋ ಎನ್ನುತ್ತಾಳೆ. ಇಲ್ಲಿ ನೀಲಾ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿರುತ್ತಾಳೆ. ಅವಳ ತಾಟಿನಲ್ಲಿ ಪಲ್ಯ ಮುಗಿದದ್ದನ್ನು ಯಾರೂ ನೋಡುವುದಿಲ್ಲ. ಅಕ್ಕ ಕೆಟ್ಟವಳಲ್ಲ, ಮುತ್ತಜ್ಜಿ. ಒಂದು ಕಡೆಯಿಂದ ಕೇಳಿದ್ದಕ್ಕೆಲ್ಲ ಉತ್ತರ, ಇನ್ನೊಂದು ಕಡೆಯಿಂದ ಬರೀ ನಿಟ್ಟುಸಿರ ಭಾರ. ತಾಯಿಯ ಮಾತೂ ನೀರಿನಂತೆ ಇಳಿಜಾರಿಗೇ ಹರಿಯುತ್ತದೆ.

ಹೋದ ಭಾನುವಾರ ನಾನು ಬೇಕೆಂದೇ ಗೋಡೆಗೆ ಕೇಳಿದೆ, ‘ನೀಲಾ, ಹೆಂಗದೀಯವಾ?’ ಅಂತ. ‘ಆರಾಮ ಅದೀನಿ ಮಾವಾ. ನಿನ್ನ ಪದ್ಯ ಎಲ್ಲಾರೂ ಓದ್ತಾರ’ ಎಂದಿತು ಅದು. ಓದುವುದಿಲ್ಲ ಎಂದು ಆಗ ನನಗೆ ಖಾತ್ರಿಯಾಯಿತು. ಆಮೇಲೆ ಈ ಕಡೆ ತಿರುಗಿ, ತಾಟಿನ ಮುಂದೆ ಕೂತವಳಿಗೆ ಅದೇ ಪ್ರಶ್ನೆ ಕೇಳಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ರೊಟ್ಟಿಯ ಚೂರು ಕೈಯಲ್ಲೇ ಇತ್ತು. ಹುಟ್ಟಿದಾಗಿನಿಂದ ಅವಳು ಖಾಲಿ ಬಿಟ್ಟ ಮೊದಲ ಪ್ರಶ್ನೆ ಅದು.

ಮುತ್ತಜ್ಜಿ, ನಿನ್ನಲ್ಲಿ ಕೇಳುವುದು ಇಷ್ಟೇ. ನಾಳೆಯೋ ನಾಡಿದ್ದೋ ನೀನು ಸಂದರ್ಶನಕ್ಕೆ ಕೂರುತ್ತೀಯ. ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ ಉತ್ತರಗಳಲ್ಲಿ ಒಂದನ್ನು, ಯಾವುದಾದರೂ ಒಂದನ್ನು, ಮರೆತುಬಿಡು. ಅವರು ಕೇಳಿದಾಗ ‘ಗೊತ್ತಿಲ್ಲ, ಬಂದು ನೋಡಿ ಹೇಳುತ್ತೇನೆ’ ಅನ್ನು. ಅದರಿಂದ ಕೆಲಸ ಕೈತಪ್ಪಬಹುದು; ತಪ್ಪಿದರೂ ತಪ್ಪಿಸಿಕೊಂಡವಳು ನೀನೇ ಆಗಿರುತ್ತೀಯ. ಮುಂದೆ ಮಗಳು ಹುಟ್ಟಿದರೆ, ಅವಳು ಒಂದು ಪ್ರಶ್ನೆಯ ಜಾಗವನ್ನು ಬೆಳ್ಳಗೆ ಬಿಟ್ಟು ಮನೆಗೆ ಬಂದ ದಿನ ಬೈಯಬೇಡ, ಒಂದು ಪೇಢಾ ಕೊಡು. ಆ ರೂಢಿ ನಿನ್ನ ಕವಲಿನ ಯಾವುದೋ ನೀಲಾಳ ತನಕ ಹರಿದು ಬಂದರೆ ಅವಳ ಬೂಟಿಗಾದರೂ ಉಪ್ಪುನೀರು ಮುಟ್ಟೀತು. ನಮ್ಮ ನೀಲಾಳಿಗೆ ಇದರಿಂದ ಏನೂ ಆಗುವುದಿಲ್ಲ. ಅದನ್ನು ಮೊದಲೇ ಹೇಳಿದ್ದೇನೆ, ಮತ್ತೆ ಹೇಳುವ ಶಕ್ತಿಯಿಲ್ಲ.

ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಇವತ್ತೂ ಭಾನುವಾರ, ಗೋಡೆ ಬೆಳಗಿತು. ಸುವರ್ಣಕ್ಕ ತಾಟು ಹಾಕುತ್ತ ಯಾರ ಕಡೆಗೂ ನೋಡದೆ ಕೇಳಿದಳು, ‘ನೀಲಾ, ಊಟಾ ಮಾಡ್ದೇನವಾ?’

ಇಬ್ಬರೂ ಉತ್ತರ ಹೇಳಬೇಕಿತ್ತು. ಒಂದೇ ಬಂತು, ಗೋಡೆಯಿಂದ.