ಬೀಗವಿಲ್ಲದ ಟ್ಯಾಂಕು

ಶಿಕಾರಿಪುರ
ಆಯುಧಪೂಜೆಯ ಮರುದಿನ, 1997

ಪ್ರೀತಿಯ ಗುತ್ಯಪ್ಪ,

ಈ ಕಾಗದ ನೋಡಿ ನಿನಗೆ ಅನುಮಾನ ಬಂದರೆ ತಪ್ಪಿಲ್ಲ. ಹತ್ತಿರ ಹತ್ತಿರ ನಾಲ್ಕು ವರ್ಷ ಮಾತು ಬಿಟ್ಟವನು ಇದ್ದಕ್ಕಿದ್ದಂತೆ ಬರೆದರೆ, ನಾನಾಗಿದ್ದರೆ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿಯೇ ಒಡೆಯುತ್ತಿದ್ದೆ. ಸೊರಬದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದರೆ ಇದು ಸಂಜೆಯೊಳಗೆ ನಿನ್ನ ಗ್ಯಾರೇಜು ಮುಟ್ಟುತ್ತಿತ್ತು. ಆತ ದಾರಿಯಲ್ಲಿ ಓದಿಬಿಟ್ಟರೆ ಎಂದು ಅಂಚೆಗೆ ಹಾಕುತ್ತಿದ್ದೇನೆ. ನನ್ನ ಬುದ್ಧಿ ನಿನಗೆ ಹೊಸದಲ್ಲ. ಸ್ವಂತ ನೆರಳನ್ನೂ ನಂಬದವನು ಎಂದು ನೀನೇ ಆಡಿಕೊಳ್ಳುತ್ತಿದ್ದೆಯಲ್ಲ.

ಆ ವರ್ಷ ಶಿವಮೊಗ್ಗದ ಮಣ್ಣಿನ ಟ್ರ್ಯಾಕಿನ ಕಾರು ಓಟಕ್ಕೆ ಹೆಸರು ಕೊಟ್ಟ ದಿನವೇ ನಮ್ಮ ನಡುವೆ ವಾದ ಶುರುವಾಗಿತ್ತು. ಅಲ್ಲಿ ಎರಡು ಓಟಗಳಿದ್ದವು. ರಸ್ತೆಯಲ್ಲಿ ಓಡಾಡುವ ಕಾರುಗಳಿಗೆ ಒಂದು, ರೇಸಿಗೆಂದೇ ಸಜ್ಜುಮಾಡಿದ ಕಾರುಗಳಿಗೆ ಇನ್ನೊಂದು. ನನಗೆ ನಮ್ಮ ಬಿಳಿ ಫಿಯಟ್ಟೇ ಸಾಕಿತ್ತು. ಬಟ್ಟೆ ಅಂಗಡಿಗೆ ಅದೇ, ಅವ್ವನನ್ನು ಬಳ್ಳಿಗಾವಿ ಗುಡಿಗೆ ಕರೆದೊಯ್ಯಲು ಅದೇ, ಟ್ರ್ಯಾಕಿಗೂ ಅದೇ ಇರಲಿ ಎನ್ನುವುದು ನನ್ನ ಹಟ. ಅದರ ಗೇರು, ಬ್ರೇಕು, ಬಲಕ್ಕೆ ಎಳೆಯುವ ಚಟ ಎಲ್ಲ ನನಗೆ ಬಾಯಿಪಾಠವಾಗಿತ್ತು. ನೀನು ಒಪ್ಪಲಿಲ್ಲ. "ಮನೆ ಗಾಡಿ ಓಡ್ಸವನಿಗೆ ಸಂಜೆ ಅದ್ರಲ್ಲೇ ಮನೆಗೆ ಹೋಗ್ಬೇಕು ಅನ್ನೋದು ತಲೆಲಿ ಇರ್ತದೆ ಮಾರಾಯ. ತಿರುವು ಬಂದ್ ಕೂಡ್ಲೆ ಕಾಲು ಬ್ರೇಕಿಗೆ ಹೋಗ್ತದೆ. ದೀಪಾವಳಿಗೆ ಬಿಡೋ ಹೋರಿಗೆ ಯಾರಾದ್ರೂ ನೊಗ ಕಟ್ತಾರಾ?" ಎಂದು ನೀನು ನನ್ನ ಬಾಯಿ ಮುಚ್ಚಿಸಿದೆ. ಹೋರಿ ಹಬ್ಬದ ಮಾತು ತೆಗೆದರೆ ನಮ್ಮ ಕಡೆಯವರು ಯಾರು ತಾನೆ ಎದುರಾಡುತ್ತಾರೆ?

ಗುಜರಿಯಿಂದ ಇನ್ನೊಂದು ಹಳೆಯ ಫಿಯಟ್ ನಮ್ಮ ಹಿತ್ತಲಿಗೆ ಬಂತು. ಹಿಂದಿನ ಸೀಟು, ಡ್ಯಾಶ್‌ಬೋರ್ಡು, ಹಾರ್ನು, ಬಂಪರು ಎಲ್ಲ ಕಿತ್ತು, ಪಲ್ಟಿಯಾದರೂ ತಲೆ ಉಳಿಯಲೆಂದು ಒಳಗೆ ಕಬ್ಬಿಣದ ಪೈಪಿನ ಪಂಜರ ಕೂರಿಸಿದೆ. ತೂಕ ಇಳಿದಷ್ಟೂ ನಿನಗೆ ಖುಷಿ. ಕೊನೆಗೆ ಪೆಟ್ರೋಲ್ ಟ್ಯಾಂಕಿನ ಬೀಗದ ಮುಚ್ಚಳವನ್ನೂ ತೆಗೆದು, ಬಿಳಿ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಉದುರಿ ಹೋಗದಂತೆ ಕೆಂಪು ದಾರದಲ್ಲಿ ಕಟ್ಟಿದೆ. "ರೇಸ್ ಗಾಡಿಗೆ ಬೀಗ ಯಾಕೆ?" ಎಂಬ ನಿನ್ನ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಅವ್ವ ಮಾತ್ರ ಕಾರನ್ನು ಒಂದು ಸುತ್ತು ಬಂದು, "ಇದೇನ್ರೋ, ದೇವ್ರ ಪಟ ಇಡಾಕೂ ಒಂದು ಗೇಣು ಜಾಗ ಬಿಟ್ಟಿಲ್ಲ" ಎಂದು ಗೊಣಗಿದಳು. ನಾವಿಬ್ಬರೂ ನಕ್ಕೆವು.

ಅಷ್ಟರಲ್ಲಿ ನಿಮ್ಮೂರಿನ ರೈಸ್ ಮಿಲ್ಲಿನ ಸದಾಶಿವಪ್ಪನ ಕಾರನ್ನೂ ನೀನೇ ಸಜ್ಜುಮಾಡುತ್ತಿರುವ ಸುದ್ದಿ ಬಂತು, ಅದೂ ಅದೇ ಓಟಕ್ಕೆ. ನೀನಾಗಿ ಹೇಳಿರಲಿಲ್ಲ. ಕೇಳಿದಾಗ ಹೊಟ್ಟೆಪಾಡು ಎಂದು ತೇಲಿಸಿದೆ. ಅಂದಿನಿಂದ ನಿನ್ನ ಕೈಯ ಒಂದೊಂದು ಸ್ಪ್ಯಾನರಿನ ಮೇಲೂ ನನ್ನ ಕಣ್ಣು. ನೀನು ಬೋಲ್ಟು ಬಿಗಿದು ಚಹಾಕ್ಕೆ ಹೋದರೆ ನಾನು ಹೋಗಿ ಇನ್ನೊಮ್ಮೆ ಬಿಗಿಯುತ್ತಿದ್ದೆ. ಎರಡು ಬೋಲ್ಟು ಮುರಿದದ್ದು ಹಾಗೆ. ನೀನು ಪಾಪ ಕಬ್ಬಿಣವನ್ನು ಬೈದೆ.

ಓಟದ ದಿನ ಮೊದಲ ಸುತ್ತಿನಲ್ಲಿ ನಾನೇ ಮುಂದಿದ್ದೆ. ನಿನ್ನ ಮಾತು ನಿಜವಾಗಿತ್ತು, ಕಾಲು ಬ್ರೇಕಿನ ಕಡೆ ಹೋಗಲೇ ಇಲ್ಲ. ಎರಡನೆಯ ಸುತ್ತಿನ ತಿರುವಿನಲ್ಲಿ ಎಂಜಿನ್ನು ನಾಲ್ಕು ಸಲ ಕೆಮ್ಮಿ ನಿಂತೇಬಿಟ್ಟಿತು. ಸದಾಶಿವಪ್ಪ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋದ. ಓಟ ಮುಗಿದ ಮೇಲೆ ನೀನು ಟ್ಯಾಂಕಿನ ಅಡಿಯ ಬೋಲ್ಟು ಬಿಚ್ಚಿ, ಚಹಾದ ಗಾಜಿನ ಲೋಟ ಹಿಡಿದೆ. ಪೆಟ್ರೋಲಿನ ಕೆಳಗೆ, ಲೋಟದ ತಳದಲ್ಲಿ ನೀರು ನಿಂತಿತು. ಅದನ್ನು ಬಿಸಿಲಿಗೆ ಎತ್ತಿ ನೋಡಿದವನು, ಬೆರಳು ಹಾಕಿ ಏನನ್ನೋ ಹೆಕ್ಕಿ ಪ್ಯಾಂಟಿಗೆ ಒರೆಸಿಕೊಂಡೆ. ನಾನು ಅದನ್ನು ಕಂಡೆ. ನನಗೆ ಕಂಡದ್ದು ನಿನಗೂ ಗೊತ್ತಾಯಿತು.

"ನೀರು ಹಾಕಿದ ಕೈನೇ ನೀರು ತೋರ್ಸಾಕ ಬಂತು ನೋಡ್ರಿ." ಹತ್ತು ಜನರ ಮುಂದೆ ನಾನು ಆಡಿದ ಮಾತು ಅದು. ನೀನು ಲೋಟ ಕೆಳಗಿಟ್ಟೆ. ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ತಪ್ಪು ಮಾಡದವನಾಗಿದ್ದರೆ ಒಂದು ಮಾತಾದರೂ ಆಡುತ್ತಿದ್ದ ಎಂದು ನಾನು ತೀರ್ಮಾನಿಸಿದೆ. ಟ್ಯಾಂಕಿಗೆ ಬೀಗವಿಲ್ಲವೆಂದು ನಿನ್ನ ಬಿಟ್ಟು ಇನ್ಯಾರಿಗೆ ಗೊತ್ತಿತ್ತು? ವಾರದ ಮೇಲೆ ನೀನು ಆ ಬೀಗದ ಮುಚ್ಚಳವನ್ನು ಕೀಲಿ ಸಮೇತ ಕಳಿಸಿದಾಗ ಅದರಲ್ಲೂ ಕುಹಕ ಹುಡುಕಿದೆ. ಗುತ್ಯಪ್ಪ ಯಾಕೆ ಬರುವುದಿಲ್ಲ ಎಂದು ಅವ್ವ ಕೇಳಿದಾಗಲೆಲ್ಲ, ಅವನಿಗೆ ಕೆಲಸ ಜಾಸ್ತಿ ಎಂದು ಹಾರಿಕೆಯ ಉತ್ತರ ಕೊಟ್ಟೆ.

ನಿನ್ನೆ ಅಂಗಡಿಯ ಹೊಸ ಓಮ್ನಿಗೆ ಪೂಜೆ ಇತ್ತು. ಅವ್ವ ಗಿಂಡಿ ಹಿಡಿದು ಅದರ ಸುತ್ತ ತಡಕಾಡುತ್ತಿದ್ದಳು.

"ಇದರ ಬಾಯಿ ಎಲ್ಲೈತೋ? ಇದಕ್ಕೂ ಬೀಗನಾ?"

ಯಾವ ಬಾಯಿ ಎಂದು ಕೇಳಿದೆ.

"ಪೆಟ್ರೋಲ್ ಕುಡಿಯೋ ಬಾಯಿ. ಆ ಬೋಳು ಗಾಡಿಗೆ ಬೀಗ ಇರ್ಲಿಲ್ಲ. ಪಟ ಇಡಾಕ ಜಾಗಿಲ್ಲ, ನಿಂಬೆಹಣ್ಣು ಕಟ್ಟಾಕ ಬಂಪರಿಲ್ಲ. ದೇವ್ರು ಒಳಗಾದ್ರೂ ಇರ್ಲಿ ಅಂತ ಓಟದ ದಿನ ಮುಂಜಾನೆ ನೀನು ಜಳಕಕ್ಕ ಹೋದಾಗ ಬಳ್ಳಿಗಾವಿ ತೀರ್ಥ ಹಾಕಿದ್ನೆಪ್ಪ. ಅದಕ್ಕೇ ನೋಡು, ಗಾಡಿ ಪಲ್ಟಿ ಹೊಡೀಲಿಲ್ಲ. ಮನೀಗೆ ಹೊಳ್ಳಿ ಬಂದಿ."

ಇದನ್ನೂ ನಾನು ನಂಬಲಿಲ್ಲ, ಗುತ್ಯಪ್ಪ. ನಿನ್ನ ಮೇಲೆ ಅವಳಿಗೆ ಮೊದಲಿನಿಂದ ಮಮತೆ. ನೀನು ಬಂದರೆ ನಿನಗೆ ಬಿಸಿ ರೊಟ್ಟಿ, ನನಗೆ ತಂಗಳು. ಜಗಳದ ಸುದ್ದಿ ಯಾರಿಂದಲೋ ಕೇಳಿ, ನಮ್ಮನ್ನು ಒಂದು ಮಾಡಲು ಕತೆ ಕಟ್ಟುತ್ತಿದ್ದಾಳೆ ಎಂದುಕೊಂಡು, ಹೆತ್ತವ್ವನನ್ನೇ ಪೊಲೀಸಿನವನಂತೆ ವಿಚಾರಿಸಿದೆ. ಮುಚ್ಚಳ ಯಾವ ಬಣ್ಣದ್ದಿತ್ತು? "ಬಿಳೇದು. ಕೆಂಪು ದಾರ ಕಟ್ಟಿತ್ತು." ಬರೀ ನೀರು ಹಾಕಿದ್ದಾ? "ತೀರ್ಥ ಅಂದ್ರ ಬರೀ ನೀರೇನೋ? ಬಿಲ್ವಪತ್ರಿನೂ ಇತ್ತು. ಒಂದು ಎಸಳು ಒಳಗ ಹೋತು."

ಅಂದು ಲೋಟದಿಂದ ನೀನು ಹೆಕ್ಕಿ ಪ್ಯಾಂಟಿಗೆ ಒರೆಸಿಕೊಂಡದ್ದು ಅದನ್ನೇ. ಆ ಎಸಳನ್ನು ಎಲ್ಲರಿಗೂ ಎತ್ತಿ ತೋರಿಸಿದ್ದರೆ ಸಾಕಿತ್ತು, ನಿನ್ನ ಮೇಲಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಮನೆಗೆ ಬಳ್ಳಿಗಾವಿಯ ತೀರ್ಥ ತರುವವರು ಯಾರೆಂದು ನಿನಗೆ ಗೊತ್ತಿತ್ತು. ಆ ಸಿಟ್ಟಿನಲ್ಲಿ ನಾನು ಮನೆಗೆ ಹೋಗಿ ಅವಳನ್ನು ಏನೇನು ಅನ್ನುತ್ತಿದ್ದೆ ಎಂಬುದೂ ಗೊತ್ತಿತ್ತು. ಅವಳ ಬದಲು ನೀನು ಅನ್ನಿಸಿಕೊಂಡು ಹೋದೆ. ತಪ್ಪಾಯಿತು, ಗುತ್ಯಪ್ಪ. ಇದನ್ನು ಹತ್ತು ಜನರ ಮುಂದೆಯೇ ಹೇಳಬೇಕು, ಹೇಳುತ್ತೇನೆ.

ಅವ್ವನಿಗೆ ಮಾತ್ರ ಹೇಳಿಲ್ಲ. ತೀರ್ಥ ನಮ್ಮನ್ನು ಕಾಯಿತು ಎಂದೇ ಅವಳು ನಂಬಿರಲಿ. ನೀನು ಇಷ್ಟು ವರ್ಷ ಬಚ್ಚಿಟ್ಟದ್ದನ್ನು ನಾನು ಒಂದೇ ದಿನದಲ್ಲಿ ಬಯಲು ಮಾಡಿದರೆ ಮನುಷ್ಯನೇ ಅಲ್ಲ.

ಬರುವ ಜನವರಿಯಲ್ಲಿ ಮತ್ತೆ ಓಟವಂತೆ. ಬೋಳು ಗಾಡಿ ಹಿತ್ತಲಲ್ಲಿದೆ, ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿವೆ. ಬಿಳಿ ಫಿಯಟ್ಟು ಅಂಗಳದಲ್ಲಿದೆ. ಯಾವುದನ್ನು ಓಡಿಸಬೇಕೆಂದು ನೀನೇ ಹೇಳು, ಈ ಸಲ ನಾನು ಬೋಲ್ಟು ಮುಟ್ಟುವುದಿಲ್ಲ. ಕಾಗದದೊಳಗೆ ಮಡಚಿಟ್ಟಿರುವುದು ಬಿಳಿ ಫಿಯಟ್ಟಿನ ಟ್ಯಾಂಕಿನ ಕೀಲಿ. ಇನ್ನೊಂದು ಕೀಲಿ ನನ್ನಲ್ಲಿಲ್ಲ. ಟ್ಯಾಂಕಿನಲ್ಲಿ ನಾಲ್ಕು ದಿನಕ್ಕಾಗುವಷ್ಟು ಪೆಟ್ರೋಲ್ ಉಳಿದಿದೆ. ಆಮೇಲೆ ನೀನು ಬಂದು ಬೀಗ ತೆಗೆಯುವ ತನಕ ಗಾಡಿ ನಿಂತಲ್ಲೇ ನಿಂತಿರುತ್ತದೆ.

ಚಂದ್ರಗುತ್ತಿಯ ಗುತ್ಯಮ್ಮ ನಿನ್ನನ್ನೂ ನಿನ್ನ ಮನೆಯವರನ್ನೂ ತಣ್ಣಗಿಟ್ಟಿರಲಿ. ಅವ್ವನ ಬಿಸಿ ರೊಟ್ಟಿ ನಿನಗೇ, ತಂಗಳು ನನಗಿರಲಿ.

ಇಂತಿ, ನಿನ್ನ ಎರಡು ಬೋಲ್ಟು ಮುರಿದವನು,
ಮಲ್ಲಿಕಾರ್ಜುನ